ಅರ್ಧ ಗ್ಲಾಸು

ನಮ್ಮ ವಾರ್ಡಿನ್ಯಾಗ ಚಾ ಅರ್ಧಽ ಗ್ಲಾಸ ಹಾಕ್ತೇವಿ.
ಹೊಸದಾಗಿ ಬಂದಾವರು ಜಗಳ ತಗೀತಾರ,
'ಚಾದಾಗೂ ರೊಕ್ಕಾ ಹೊಡದೀರೇನ್ರೋ?'
ನಾ ಮಾತಾಡಂಗಿಲ್ಲ. ಗ್ಲಾಸ ಕೈಯಾಗ ಕೊಡ್ತೇನಿ.
ಅರ್ಧದಷ್ಟಽ ಇದ್ದದ್ದು ಅಂಚಿನ ತನಕಾ ಬಂದು ತುಳಕತೈತಿ.
ಅವರಽ ಸುಮ್ಮನಾಗ್ತಾರ.

ಗದಗ ಜಿಲ್ಲಾ ಆಸ್ಪತ್ರಿ, ಮ್ಯಾಲಿನ ಮಜಲಾ, ಕಡೀ ಖೋಲಿ.
ಹತ್ತ ಕಾಟು, ಒಂಬತ್ತ ಗಾದಿ.
ಬಾಗಲಾ ಮ್ಯಾಲ ಹಸರ ಬೋರ್ಡು: ವ್ಯಸನಮುಕ್ತಿ ಘಟಕ.
ಅದರ ಬುಡಕ್ಕ ಗ್ವಾಡಿ ತುಂಬ
ತಂಬಾಕ ತಿಕ್ಕಿದವರು ಒರಸಿದ ಸುಣ್ಣದ ಬಳ್ಳು.
ದಿನಾ ತೊಳೀತೇನಿ, ಮರುದಿನಾ ಹೊಸಾವು ಮೂಡಿರ್ತಾವ.
ಅದರಾಗ ಒಂದು ದೊಡ್ಡ ಸಾಹೇಬರದು.
ಗುರ್ತ ಐತಿ ನನಗ, ಹೇಳಂಗಿಲ್ಲ.

ಶಾಹೀನ ಮೇಡಮ್ಮಾರು ಕೇಳೋದು ನಾಕಽ ಪ್ರಶ್ನೆ:
ಕಡಿಮಿ ಮಾಡಬೇಕಂತ ಅನಸೈತೇನು,
ಯಾರರ ಅಂದ್ರ ಸಿಟ್ಟ ಬರತೈತೇನು,
ತಪ್ಪ ಮಾಡೀನಿ ಅನಸೈತೇನು,
ಮುಂಜಾನೆದ್ದ ಕೂಡ್ಲೆ ಬೇಕಾಗತೈತೇನು.
ಮೂರಕ್ಕ ಜೋರಾಗಿ 'ಇಲ್ರೀ' ಅಂತಾರ.
ನಾಕನೇದಕ್ಕ ಎಲ್ಲಾರೂ ಕಿಡಕಿ ನೋಡ್ತಾರ.

ಕಿಡಕ್ಯಾಗ ದೂರಕ್ಕ ಕಪ್ಪತಗುಡ್ಡ,
ಸಾಲಕ ನಿಂತು ತಿರಗೋ ಗಾಳಿಕಂಬ.

ಅಂದಾನೆಪ್ಪ ಗಂಜಿ, ಬೆಟಗೇರಿ ಮಗ್ಗದಾಂವ,
ಮೂರನೇ ರಾತ್ರಿ ಎದ್ದು ಕೂತು ಅಂದಾ:
'ಆ ಫ್ಯಾನ ಆರಸೋ ತಮ್ಮಾ, ಥಂಡಿ ಹತ್ತೇತಿ.'
ಮೂರನೇ ರಾತ್ರಿ ಹಂಗಽ.
ಚಾದರದ ಅಂಚಿನ್ಯಾಗ ಕಡದ ಎಳಿ ಹುಡುಕಿ
ಗಂಟ ಹಾಕ್ತಿದ್ದ, ಹಾಕ್ತಿದ್ದ,
ಎಳಿ ಇರಲಿಲ್ಲ, ಗಂಟೂ ಇರಲಿಲ್ಲ.
ಬೆಳತನಾ ಇಲ್ಲದ ಲಾಳಿ ಒಗೆದ
ಈ ಕಡೆಯಿಂದ ಆ ಕಡೆ.
ನಾನೂ ಆ ಕಡೆ ನಿಂತು ಹಿಡದೆ. ಮತ್ತೇನ ಮಾಡಲಿ?

ಎಂಟನೇ ದಿನಾ ತುಂಬ ಗ್ಲಾಸ ಕೊಟ್ಟೆ.
ಹನಿ ಬೀಳಲಿಲ್ಲ. ಗ್ಲಾಸ ಕೆಳಗಿಟ್ಟು
ತನ್ನ ಕೈ ತಾನಽ ನೋಡಕೋತ ಕೂತ,
ಯಾರೋ ಅಂಗಡ್ಯಾಗ ಮರತ ಬಿಟ್ಟ ಹೋದ ಚೀಲ ನೋಡಿದಂಗ.

ಎರಡ ತಿಂಗಳಿಗೆ ತಿರುಗಿ ಬಂದ.
ಗುಳಿಗಿ ಮುಗದಿದ್ದವಂತ, ಇಲ್ಲೂ ದಾಸ್ತಾನ ಇರಲಿಲ್ಲಂತ,
ಮಗ್ಗದ ಮಾಲಕ ರೊಕ್ಕದ ಬದ್ಲಿ ಟೆಟ್ರಾ ಪ್ಯಾಕೀಟ ಕೊಟ್ಟನಂತ.
ಖರೇನೋ ಸುಳ್ಳೋ, ನಾ ಕೇಳಲಿಲ್ಲ.
ಅರ್ಧ ಗ್ಲಾಸ ಹಾಕಿದೆ.
'ಅಳತಿ ನೆಪ್ಪ ಐತೆಲಾ ನಿನಗ' ಅಂದ.
ಇರಲಾರದ ಏನು?
ಆರನೇ ಕಾಟಿನ್ಯಾಗ ಎರಡ ಸಲ ಮಲಗಿ ಎದ್ದಾಂವ ನಾನು.
ನನಗ ಅಳತಿ ಕಲಿಸಿದಾಂವ ಹುಲಕೋಟಿ ಪೀರಸಾಬ,
ಅವನೂ ಇದಽ ಕೆಟ್ಲಿ ಹಿಡದಿದ್ದ.

ಹುಬ್ಬಳ್ಳಿ ಸ್ಟೇಷನ್ ಕಡಿಂದ ಒಬ್ಬ ಹುಡುಗ ಬಂದಾನ,
ಮೀಸಿ ಚಿಗತಿಲ್ಲ. ಪಂಚರ್ ಸಲ್ಯೂಷನ್ ಮೂಸಿ ಮೂಸಿ
ತುಟಿ ಸುತ್ತ ಹುಣ್ಣು.
'ಕಾಕಾ, ನಾ ಕುಡಿಯಾಂವ ಅಲ್ಲ' ಅಂತಾನ.
ಖರೇನಽ. ರಜಿಸ್ಟರಿನ್ಯಾಗ ಅಂವಾ 'ಇತರೆ'.

ನೀಲವ್ವ ಎದರಾಗೂ ಇಲ್ಲ.
ಅಂದಾನೆಪ್ಪನ ಹೇಣ್ತಿ, ಕಾಟಿನ ಬಾಜೂಕ ನೆಲದ ಮ್ಯಾಲ
ಎರಡೂ ಸಲ ಹಂಗಽ ಕೂತಾಕಿ.
ಸಂಬಂಧ: ಪತ್ನಿ. ಅಷ್ಟಽ ಬರದೈತಿ, ಅವನ ಕಾಗದದಾಗ.
ಆಕಿ ಕುಡಿಯಾಕಿ ಅಲ್ಲಲಾ ಅಂತ
ತುಂಬ ಗ್ಲಾಸ ಚಾ ಕೊಟ್ಟೆ ಅವತ್ತ.
ಸೀರಿ ಮ್ಯಾಲ, ಪಾದದ ಮ್ಯಾಲ, ನೆಲದ ಮ್ಯಾಲ.
ಬಳಿ ಗ್ಲಾಸಿಗೆ ಬಡದು ಸಣ್ಣಗ ಕಿಣಿಕಿಣಿ ಅಂತಿತ್ತು.
'ಬಿಸಿ ಇತ್ತಣ್ಣಾ' ಅಂದ್ಲು.
ಆರಿದ ಚಾ ಅದು. ನಾನಽ ತಂದದ್ದು ತಡಾ ಆಗಿತ್ತು.

ನೆಲಾ ಒರಸಿದೆ.
ಮೇಡಮ್ಮಾರ ಕಡೆ ನೋಡಿದೆ, ಅವರೂ ನೋಡಿದ್ದರು.

ಮರುದಿನಾ ಆಕೀಗೆ ಅರ್ಧ ಹಾಕಿದೆ.
ಕುಡದ ಮ್ಯಾಲ ಇನ್ನರ್ಧ.
ಮೇಡಮ್ಮಾರು ಹೊಸಾ ಹಾಳಿ ತಗದು ಗೆರಿ ಹೊಡದ್ರು.
'ಹೆಸರು?'
'ಅಂದಾನೆಪ್ಪ ರೀ.'
'ನಿಂದವ್ವಾ.'

ಆಕಿ ಕಿಡಕಿ ನೋಡಿದ್ಲು.